ದೊಡ್ಡ ಮನೆಯ ಎರಡನೆಯ ಬಸುರಿ

ನಮ್ಮ ಊರಿನಲ್ಲಿ ಯಾರಾದರೂ ಬಸುರಿಯಾದರೆ ಮೊದಲು ಗೊತ್ತಾಗುವುದು ಮೀನಿನವನಿಗೆ. ಗುರುವಾಯನಕೆರೆ ಕಡೆಯಿಂದ ಸ್ಕೂಟರಿನ ಹಿಂದೆ ಪೆಟ್ಟಿಗೆ ಕಟ್ಟಿಕೊಂಡು ಬಂದು ಅವನು ಹಾರ್ನ್ ಹೊಡೆಯುತ್ತಾನೆ. ಎಂದೂ ಬಂಗುಡೆ ಬಿಡದ ಮನೆಯವರು ಗೇಟಿನಿಂದಲೇ ಬೇಡವೆಂದು ಕೈಯಾಡಿಸಿದರೆ, ಅದೂ ವಾರಗಟ್ಟಲೆ ಆಡಿಸಿದರೆ, ಒಳಗೆ ಯಾರಿಗೋ ಮೀನಿನ ವಾಸನೆ ಆಗುವುದಿಲ್ಲ ಎಂದು ಅರ್ಥ. ನಾನು ಅವನಿಂದ ಬೂತಾಯಿ ಕೊಳ್ಳುವಾಗ ಯಾವ ಮನೆಯಲ್ಲಿ ವ್ಯಾಪಾರ ಕಡಿಮೆ ಎಂದು ವಿಚಾರಿಸುತ್ತೇನೆ. ಅವನು ತನ್ನ ನಷ್ಟ ಹೇಳಿಕೊಳ್ಳುತ್ತಾನೆ. ನಾನು ಮನೆಗೆ ಬಂದು ಕೈ ತೊಳೆದು ಪುಸ್ತಕದಲ್ಲಿ ಪೆನ್ಸಿಲಿನಿಂದ ಒಂದು ಗುರುತು ಹಾಕಿಡುತ್ತೇನೆ.

ನಾನು ಆಶಾ ಕಾರ್ಯಕರ್ತೆ. ಗುಲಾಬಿ ಸೀರೆ ಉಟ್ಟು ಮನೆಮನೆ ತಿರುಗುವುದು ನನ್ನ ಕೆಲಸ. ಮೂರು ತಿಂಗಳಾಗುವ ಮೊದಲೇ ಬಸುರಿಯ ಹೆಸರು ಬರೆಸಬೇಕು ಎಂದು ಸರಕಾರ ಹೇಳುತ್ತದೆ. ಐದು ತಿಂಗಳಾಗದೆ ಬಾಯಿ ಬಿಡಬಾರದು, ದೃಷ್ಟಿಯಾಗುತ್ತದೆ ಎಂದು ನಮ್ಮ ಊರು ಹೇಳುತ್ತದೆ. ನಡುವಿನ ಆ ಎರಡು ತಿಂಗಳು ನಾನು ಗೊತ್ತಿದ್ದೂ ಗೊತ್ತಿಲ್ಲದವಳಂತೆ, ಅವರು ಇದ್ದೂ ಇಲ್ಲದವರಂತೆ ನಟಿಸುತ್ತಾ ಇರುತ್ತೇವೆ.

ಪುಂಜಾಲಕಟ್ಟೆಯಿಂದ ಸ್ವಲ್ಪ ಒಳಗೆ, ಊರಿನವರೆಲ್ಲ ದೊಡ್ಡ ಮನೆ ಎಂದೇ ಕರೆಯುವ ಮನೆಯೊಂದಿದೆ. ಮಗ ದುಬಾಯಿಯಲ್ಲಿ. ಮನೆಯಲ್ಲಿ ಇರುವುದು ಅಮ್ಮ ಮತ್ತು ಸೊಸೆ. ಅಮ್ಮನಿಗೆ ಅರುವತ್ತರ ಹತ್ತಿರ ವಯಸ್ಸು, ಊರಿನಲ್ಲಿ ಅವರ ಮಾತಿಗೆ ಇನ್ನೊಂದು ಮಾತಿಲ್ಲ. ಕಳೆದ ವರ್ಷ ಮಗ ರಜೆಯಲ್ಲಿ ಬಂದು ಹೋದ ಎರಡು ತಿಂಗಳಿಗೆ ಮೀನಿನವನು ಆ ಮನೆಯ ಬಗ್ಗೆ ಬೇಸರದಿಂದ ಮಾತಾಡಿದ. ಮಾರನೆಯ ದಿನವೇ ನಾನು ಅಲ್ಲಿಗೆ ಹೋದೆ. ನಮ್ಮ ಮಾತೆಲ್ಲ ತುಳುವಿನಲ್ಲಿ. ಇಲ್ಲಿ ಕನ್ನಡ ಮಾಡಿ ಬರೆಯುತ್ತಿದ್ದೇನೆ.

ಒಳಗಿನ ಬಚ್ಚಲಿನಿಂದ ಕೇಳುತ್ತಿದ್ದ ಸದ್ದನ್ನು ಅಡಗಿಸಲು ಅಮ್ಮ ಟೀವಿಯ ಸ್ವರ ಹೆಚ್ಚು ಮಾಡಿದರು. ಸೊಸೆಗೆ ಗ್ಯಾಸ್ ಎಂದರು. ಗ್ಯಾಸಿಗೆ ಈ ಮಾತ್ರೆ ಒಳ್ಳೆಯದು ಎಂದು ನಾನು ಬಸುರಿಯರಿಗೆ ಕೊಡುವ ಮಾತ್ರೆಯ ಹಾಳೆಯನ್ನು ಜಗಲಿಯ ಮೇಲಿಟ್ಟು ಬಂದೆ. ಮುಂದಿನ ತಿಂಗಳು ಹೋದಾಗ ಹಾಳೆ ಖಾಲಿಯಾಗಿತ್ತು.

"ಗ್ಯಾಸ್ ಕಡಿಮೆ ಆಯ್ತಾ ಅಮ್ಮ?"

"ಎಲ್ಲಿ ಕಡಿಮೆ ಮಾರಾಯ್ತಿ, ಬೆಳೀತಾ ಉಂಟು," ಎಂದರು ಅಮ್ಮ, ಮುಖ ಸ್ವಲ್ಪವೂ ಅಲ್ಲಾಡಿಸದೆ.

ಅದೇ ಮನೆಯ ಜಾಗದ ಹಿಂಬದಿಯ ಗುಡ್ಡೆಯನ್ನು ಕೆಂಪುಕಲ್ಲು ಕಡಿಯಲು ಒಬ್ಬ ಕಂಟ್ರಾಕ್ಟರನಿಗೆ ಕೊಟ್ಟಿದ್ದರು. ಕೋರೆಯ ಬದಿಯಲ್ಲಿ ತಗಡಿನ ಐದು ಶೆಡ್ಡುಗಳು. ಅಲ್ಲಿರುವವರು ಬಯಲುಸೀಮೆಯವರು, ಗಂಡಸರು ಯಂತ್ರ ಹಿಡಿದು ಕಲ್ಲು ಕಡಿಯುತ್ತಾರೆ, ಹೆಂಗಸರು ಅದನ್ನು ತಲೆಯ ಮೇಲೆ ಹೊತ್ತು ಲಾರಿಯ ಬಳಿ ಜೋಡಿಸುತ್ತಾರೆ. ಆ ವಾರವೇ, ದೊಡ್ಡ ಮನೆಯಿಂದ ಇಳಿದು ಬರುವಾಗ, ಅಲ್ಲಿಯ ಒಬ್ಬಳು ದಾರಿಗೆ ಅಡ್ಡ ಬಂದು ನಿಂತಳು. ಇಪ್ಪತ್ತನಾಲ್ಕು, ಇಪ್ಪತ್ತೈದರ ಹೆಣ್ಣು. ನನ್ನ ಗುಲಾಬಿ ಸೀರೆಯ ಗುರುತು ಅವಳಿಗೆ ಊರಿನಿಂದಲೇ ಇತ್ತು.

"ಅಕ್ಕಾರ, ನನಗ ನಾಕು ತಿಂಗಳರಿ. ಬರಕೋರಿ," ಎಂದಳು.

ಇಷ್ಟು ವರ್ಷದಲ್ಲಿ ಒಬ್ಬರೂ ನನಗೆ ಹೀಗೆ ನಡುದಾರಿಯಲ್ಲಿ, ಕೇಳುವ ಮೊದಲೇ ಹೇಳಿರಲಿಲ್ಲ. ನಾನೇ ನಾಚಿ ಆಚೀಚೆ ನೋಡಿದೆ. ಇದು ಅವಳಿಗೆ ಮೂರನೆಯದು. ಇಬ್ಬರು ಮಕ್ಕಳು ಊರಿನಲ್ಲಿ ಅಜ್ಜಿಯ ಬಳಿ. ಇಷ್ಟು ಅವಸರ ಯಾಕೆ ಎಂದು ಕೇಳಿದ್ದಕ್ಕೆ, ತನ್ನ ಅಕ್ಕ ಎರಡನೆಯ ಹೆರಿಗೆಯಲ್ಲಿ ರಕ್ತ ಹೋಗಿ ಹೋಗಿ ತೀರಿಕೊಂಡಳು, ಅವಳೂ ಹೀಗೇ ಬಿಳಿಚಿಕೊಂಡಿದ್ದಳು ಎಂದು ಹೇಳಿ, ತನ್ನ ಕಣ್ಣಿನ ಕೆಳರೆಪ್ಪೆಯನ್ನು ಬೆರಳಿನಿಂದ ಎಳೆದು ತೋರಿಸಿದಳು. ಒಳಗೆ ಕಾಗದದಂತೆ ಬೆಳ್ಳಗಿತ್ತು.

ಇಲ್ಲಿ ನನ್ನದೊಂದು ತಪ್ಪು ಬರೆಯಬೇಕು. ಆ ಗುಡ್ಡೆಯ ಮೇಲೆಯೇ ಬಂಟ್ವಾಳ ತಾಲೂಕಿಗೂ ಬೆಳ್ತಂಗಡಿ ತಾಲೂಕಿಗೂ ಗಡಿ. ಶೆಡ್ಡು ಈಚೆ, ಕೋರೆಯ ಗುಂಡಿ ಆಚೆ. ಆಚೆಯ ಆಶಾ ಕಾರ್ಯಕರ್ತೆ ನನ್ನ ಗೆಳತಿ. ಅವಳು ಇದು ನಿನ್ನದು ಎಂದಳು, ಮಲಗುವುದು ನಿನ್ನ ಕಡೆ. ನಾನು ಇದು ನಿನ್ನದು ಎಂದೆ, ದುಡಿಯುವುದು ನಿನ್ನ ಕಡೆ. ಹೊರಗಿನಿಂದ ಬಂದವರನ್ನು ಬರೆದುಕೊಂಡರೆ ಎಷ್ಟು ತಲೆಬಿಸಿ ಎಂದು ಇಬ್ಬರಿಗೂ ಗೊತ್ತು: ಇವತ್ತು ಇದ್ದವರು ನಾಳೆ ಇಲ್ಲ, ಏನಾದರೂ ಹೆಚ್ಚುಕಡಿಮೆಯಾದರೆ ಮೀಟಿಂಗಿನಲ್ಲಿ ಎದ್ದು ನಿಂತು ಉತ್ತರ ಕೊಡುವವರು ನಾವು. ಹೀಗೆ ಎರಡು ವಾರ ನಾವಿಬ್ಬರು ನಗುನಗುತ್ತಾ ಫೋನಿನಲ್ಲಿ ಅವಳನ್ನು ಗುಡ್ಡೆಯ ಮೇಲಿಂದ ಆಚೆಗೂ ಈಚೆಗೂ ಉರುಳಿಸಿದೆವು. ಅವಳು ಮಾತ್ರ ಪ್ರತಿ ದಿನ ದಾರಿಯಲ್ಲಿ ನಿಂತು, ಬರಕೊಂಡ್ರಾ ಎಂದು ಕೇಳುತ್ತಿದ್ದಳು. ಕೊನೆಗೆ ಆ ದಾರಿಯಲ್ಲಿ ಹೋಗಲು ನನಗೇ ನಾಚಿಕೆಯಾಗಿ, ಆಸ್ಪತ್ರೆಯ ಸಿಸ್ಟರ ಮುಂದೆ ಕರೆದುಕೊಂಡು ಹೋಗಿ ಕೂರಿಸಿದೆ.

ಸಿಸ್ಟರ ಟ್ಯಾಬಿನಲ್ಲಿ ಮನೆ ನಂಬರ್ ಹಾಕದೆ ಮುಂದಕ್ಕೆ ಹೋಗುವುದೇ ಇಲ್ಲ. ತಗಡಿನ ಶೆಡ್ಡಿಗೆ ಎಲ್ಲಿಯ ನಂಬರ್? ಹಿಂದೆ ಜನ ಕಾಯುತ್ತಿದ್ದರು, ನೆಟ್‌ವರ್ಕು ಬಂದು ಬಂದು ಹೋಗುತ್ತಿತ್ತು. ಜಾಗ ದೊಡ್ಡ ಮನೆಯದಲ್ಲವೇ ಎಂದುಕೊಂಡು ನಾನು ದೊಡ್ಡ ಮನೆಯ ನಂಬರನ್ನೇ ಹೇಳಿಬಿಟ್ಟೆ. ಫೋನ್ ನಂಬರ್ ಕೇಳಿದಾಗ ನನ್ನದನ್ನೇ ಕೊಟ್ಟೆ, ಅವಳ ಗಂಡನ ಸಿಮ್ ತಿಂಗಳಿಗೊಮ್ಮೆ ಬದಲಾಗುತ್ತದೆ. ತಾಯಿ ಕಾರ್ಡ್ ಕೈಗೆ ಬಂತು. ಅವಳು ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಆ ಚೀಲವನ್ನು ಇನ್ನೊಂದು ಚೀಲದಲ್ಲಿ ಹಾಕಿದಳು.

ನನ್ನ ಯಜಮಾನರು ಪೇಟೆಯಲ್ಲಿ ಟೈಲರ್. ಒಂದು ದಿನ ನಾನು ಅವರ ಅಂಗಡಿಯಲ್ಲಿ ಫೋನನ್ನು ಚಾರ್ಜಿಗೆ ಇಟ್ಟು ಬ್ಯಾಂಕಿಗೆ ಹೋಗಿದ್ದೆ. ಆಗ ಸರಕಾರದ ರೆಕಾರ್ಡ್ ಮಾಡಿದ ಕರೆ ಬಂತು. ಅವರ ಕೈಯಲ್ಲಿ ಕತ್ತರಿ ಇದ್ದುದರಿಂದ ಸ್ಪೀಕರಿಗೆ ಹಾಕಿದರು. ಒಳ್ಳೆಯ ಸ್ವರದ ಹೆಂಗಸೊಬ್ಬಳು, ನೀವೀಗ ಆರನೆಯ ತಿಂಗಳಿಗೆ ಕಾಲಿಟ್ಟಿದ್ದೀರಿ, ಭಾರ ಎತ್ತಬೇಡಿ, ಮನೆಯವರು ನಿಮ್ಮ ಕೆಲಸದಲ್ಲಿ ಕೈಜೋಡಿಸಲಿ ಎಂದು ಅಂಗಡಿ ತುಂಬ ಹೇಳಿದಳು. ಅಳತೆ ಕೊಡಲು ನಿಂತಿದ್ದ ಇಬ್ಬರು ಗಂಡಸರು ಅಳತೆ ಕೊಡುವುದನ್ನು ನಿಲ್ಲಿಸಿದರು. ನನಗೆ ಐವತ್ತೊಂದು ವರ್ಷ. ಆ ಸಂಜೆ ಊಟಕ್ಕೆ ಕುಳಿತಾಗ ಯಜಮಾನರು, "ನನಗೆ ಒಂದು ಮಾತು ಹೇಳ್ಬಹುದಿತ್ತು," ಎಂದರು. ಆಮೇಲೆ ಎದ್ದು ತಾವೇ ತಟ್ಟೆ ತೊಳೆದರು. ನಿಜ ಸಂಗತಿ ಹೇಳಲು ನಾನು ಮೂರು ದಿನ ತಡ ಮಾಡಿದೆ.

ದೊಡ್ಡ ಮನೆಯಲ್ಲಿ ಆದದ್ದು ಇದಕ್ಕಿಂತ ಹೆಚ್ಚು. ಹೊಸದಾಗಿ ಬಂದಿದ್ದ ಕಿರಿಯ ಸಿಸ್ಟರ್ ಕಬ್ಬಿಣದ ಮಾತ್ರೆ ಹಿಡಿದು ನೇರ ಅಲ್ಲಿಗೇ ಹೋಗಿ, ಈ ಮನೆಯಲ್ಲಿ ಇಬ್ಬರು ಗರ್ಭಿಣಿಯರು ಇದ್ದಾರಲ್ಲ, ಇನ್ನೊಬ್ಬರನ್ನು ಕರೆಯಿರಿ ಎಂದಳಂತೆ. ಅಮ್ಮ ತನ್ನನ್ನೇ ಒಮ್ಮೆ ನೋಡಿಕೊಂಡರಂತೆ. ಮನೆಯಲ್ಲಿ ಇರುವುದೇ ಇಬ್ಬರು ಹೆಂಗಸರು! ನನಗೆ ಫೋನ್ ಬಂತು. ಕಂಪ್ಯೂಟರಿನ ತಪ್ಪು ಎಂದೆ. ಆ ಮಾತಿಗೆ ನಮ್ಮಲ್ಲಿ ಯಾರೂ ಎದುರಾಡುವುದಿಲ್ಲ.

ಏಳನೆಯ ತಿಂಗಳಿನಲ್ಲಿ ಸೊಸೆಯ ಬಯಕೆ ನಡೆಯಿತು. ಸೀಮಂತಕ್ಕೆ ನಮ್ಮಲ್ಲಿ ಹಾಗೆ ಹೇಳುವುದು. ಬಸುರಿಗೆ ಹೂವು ಮುಡಿಸಿ, ಬಗೆಬಗೆಯ ತಿಂಡಿ ಮುಂದಿಟ್ಟು, ಆಮೇಲೆ ತವರಿಗೆ ಕಳಿಸುತ್ತಾರೆ. ಅವಳ ತವರು ಮೂಡುಬಿದಿರೆ. ನನ್ನನ್ನೂ ಕರೆದಿದ್ದರು. ಊಟದ ಮೊದಲು ಹೆಂಗಸರೆಲ್ಲ ಸುತ್ತ ಕುಳಿತು ಅವಳ ಸ್ಕ್ಯಾನಿನ ಚಿತ್ರ ನೋಡುತ್ತಿದ್ದರು. ಅದು ಆರನೆಯ ಸ್ಕ್ಯಾನು. ರಕ್ತ ಹನ್ನೊಂದು ಉಂಟಂತೆ. ಹನ್ನೊಂದು ಸಾಕಾ ಎಂದು ಒಬ್ಬರು ಕೇಳಿದ್ದೇ ಗಾಬರಿಯಾಗಿ, ಬೀಟ್ರೂಟ್, ದಾಳಿಂಬೆ, ಖರ್ಜೂರ ಎಂದು ಎಲ್ಲರೂ ಒಟ್ಟಿಗೆ ಹೇಳತೊಡಗಿದರು. ಬೇಕಾದರೆ ಇರಲಿ ಎಂದು ನಾಲ್ವರು ಹುಡುಗರನ್ನು ರಕ್ತಕ್ಕೆ ಹೇಳಿಟ್ಟಾಗಿತ್ತು. ಕೋರೆಯವಳಿಗೆ ಆ ವಾರ ನೋಡಿದ್ದು ಆರೂವರೆ. ನಾನು ಹೋಳಿಗೆಯನ್ನು ಕೈಯಲ್ಲಿ ಹಿಡಿದುಕೊಂಡೇ ಕುಳಿತಿದ್ದೆ. ಬಡಿಸುವವರು ತುಪ್ಪ ಸಾಲದು ಎಂದು ತಿಳಿದು ಇನ್ನೊಂದು ಸೌಟು ಹೊಯ್ದರು.

ನಮ್ಮ ಡಾಕ್ಟರು ಕೋರೆಯವಳಿಗೆ ಕಬ್ಬಿಣದ ಇಂಜೆಕ್ಷನ್ ಕೊಡಿಸಿದರು. ಕಲ್ಲು ಹೊರಬಾರದು ಎಂದರು. ಅವಳು ಹೂಂ ಎಂದು ಹೇಳಿ, ಕಲ್ಲನ್ನೇ ಹೊತ್ತಳು. ಎಂಟು ತಿಂಗಳು ತುಂಬಿದಾಗ ಮತ್ತೆ ನೋಡಿದರೆ ಆರೂವರೆ ಆರೂವರೆಯೇ. ಹೆರಿಗೆಯ ಮೊದಲು ಎರಡು ಬಾಟಲಿ ರಕ್ತ ಹೋಗಲೇಬೇಕು, ಇಲ್ಲದಿದ್ದರೆ ಸ್ವಲ್ಪ ರಕ್ತಸ್ರಾವವಾದರೂ ಉಳಿಸಿಕೊಳ್ಳಲು ಕಷ್ಟ ಎಂದು ಚೀಟಿ ಬರೆದು ಮಂಗಳೂರಿಗೆ ಕಳಿಸಿದರು. ಅವಳ ಗಂಡ, ಕೋರೆಯ ಇನ್ನೊಬ್ಬ ಗಂಡಸು, ನಾನು, ಅವಳು, ನಾಲ್ಕೂ ಜನ ಬಿ.ಸಿ.ರೋಡಿನಲ್ಲಿ ಬಸ್ ಬದಲಿಸಿ ಹೋದೆವು.

ಅದು ಡೆಂಗಿಯ ಕಾಲ. ರಕ್ತದ ಸಂಗ್ರಹವೆಲ್ಲ ಖಾಲಿ. ದಾನಿಗಳನ್ನು ತಂದರೆ ಬೇಗ ಆಗುತ್ತದೆ ಎಂದರು. ಅವಳ ಗಂಡ ತೋಳು ಚಾಚಿದ. ಮೊದಲು ಬೆರಳಿಗೆ ಚುಚ್ಚಿ ನೋಡಿದರು. ನಿನಗೇ ರಕ್ತ ಸಾಲದು, ಸರಿಯಾಗಿ ಊಟ ಮಾಡು ಎಂದು ಹೇಳಿ ಒಂದು ಹಾಳೆ ಮಾತ್ರೆ ಕೊಟ್ಟು ಕಳಿಸಿದರು. ಎರಡನೆಯವನು ಸೂಜಿ ನೋಡಿದ್ದೇ ಚಾ ಕುಡಿದು ಬರುತ್ತೇನೆ ಎಂದು ಹೋದವನು, ಕೋರೆಗೇ ಹೋಗಿ ಮುಟ್ಟಿದ್ದ. ನಾನು ಕೊಡುವ ಎಂದರೆ ನನ್ನ ರಕ್ತದಲ್ಲಿ ಇರುವುದೆಲ್ಲ ಸಕ್ಕರೆ.

ನಮ್ಮ ಊರಿನ ಯುವಕರದ್ದೊಂದು ರಕ್ತದಾನಿಗಳ ವಾಟ್ಸಾಪ್ ಗುಂಪು ಉಂಟು. ಒಳ್ಳೆಯ ಹುಡುಗರು. ಕೋರೆಯಲ್ಲಿ ಕೆಲಸ ಮಾಡುವ ಗರ್ಭಿಣಿಗೆ ತುರ್ತಾಗಿ ರಕ್ತ ಬೇಕು ಎಂದು ಬರೆದು ಹಾಕಿದೆ. ಮೂರು ಜನ ಕೈ ಮುಗಿಯುವ ಚಿತ್ರ ಕಳಿಸಿದರು. ಒಬ್ಬ, ಯಾವ ಮನೆಯವರು ಎಂದು ಕೇಳಿದ. ಶೆಡ್ಡಿನವರು ಎಂದೆ. ಅವರ ಊರಿನ ಗುಂಪಿನಲ್ಲಿ ಹಾಕಿ ನೋಡಿ ಅಕ್ಕ ಎಂದು ಉತ್ತರ ಬಂತು. ಆಮೇಲೆ ಒಂದು ಗಂಟೆ ಏನೂ ಇಲ್ಲ; ಯಾರದೋ ಹುಟ್ಟುಹಬ್ಬದ ಕೇಕು ಬಂತು.

ಅವಳು ಬೆಂಚಿನಲ್ಲಿ ಗೋಡೆಗೆ ಒರಗಿ ಕಣ್ಣು ಮುಚ್ಚಿದ್ದಳು. ನಾಲ್ಕು ಹೆಜ್ಜೆ ನಡೆದರೆ ಉಸಿರು ಮೇಲೆ ಬರುತ್ತಿತ್ತು. ನಾನು ಡಾಕ್ಟರ ಚೀಟಿಯನ್ನು ತೆಗೆದೆ. ಅವಳ ಹೆಸರಿನ ಮೇಲೆ ಹೆಬ್ಬೆರಳು ಇಟ್ಟು, ವಿಳಾಸದಲ್ಲಿ ದೊಡ್ಡ ಮನೆಯ ನಂಬರ್ ಚೆನ್ನಾಗಿ ಕಾಣುವ ಹಾಗೆ ಫೋಟೋ ತೆಗೆದು ಗುಂಪಿಗೆ ಹಾಕಿದೆ. ಗೊತ್ತಿಲ್ಲದೆ ಮಾಡಿದ್ದಲ್ಲ. ಗೊತ್ತಿದ್ದೇ ಮಾಡಿದೆ.

ಆಮೇಲೆ ನನ್ನ ಫೋನು ಕೈಯಲ್ಲಿ ನಿಲ್ಲಲಿಲ್ಲ. ಐದು ನಿಮಿಷದಲ್ಲಿ ಹದಿನಾಲ್ಕು ಜನ ಹೊರಟೆವು ಎಂದರು. ದೊಡ್ಡ ಮನೆಯ ಸೊಸೆಗೆ ರಕ್ತ ಬೇಕು ಎನ್ನುವುದು ದುಬಾಯಿಗೆ ಮುಟ್ಟಿತು, ಮಸ್ಕತ್ತಿಗೆ ಮುಟ್ಟಿತು, ಅಲ್ಲಿಂದ ಮೂಡುಬಿದಿರೆಗೆ ಬಂತು. ಸೊಸೆಯ ತಾಯಿಗೆ ಯಾರೋ ಫೋನ್ ಮಾಡಿ, ಧೈರ್ಯ ಕಳಕೊಳ್ಳಬೇಡಿ, ಎಷ್ಟನೆಯ ವಾರ್ಡು ಎಂದು ಕೇಳಿದರಂತೆ. ಆ ತಾಯಿ ಕಿರುಚಿಕೊಂಡು ಒಳಗೆ ಓಡಿ ನೋಡಿದರೆ ಮಗಳು ಕಾಲು ಚಾಚಿ ಕುಳಿತು ಪತ್ರೊಡೆ ತಿನ್ನುತ್ತಿದ್ದಳಂತೆ.

ಒಂದೂವರೆ ಗಂಟೆಯಲ್ಲಿ ಹುಡುಗರು ಬಂದರು, ಎಲ್ಲರೂ ಒಂದೇ ಬಣ್ಣದ ಜೆರ್ಸಿಯಲ್ಲಿ. ಅವರ ಹಿಂದೆಯೇ ದೊಡ್ಡ ಮನೆಯ ಕಾರು ಬಂತು. ಅಮ್ಮ ಇಳಿದು ಬರುವುದನ್ನು ಕಂಡು ನಾನು ಕಂಬದ ಹಿಂದೆ ನಿಂತೆ. ನನ್ನ ಗಾತ್ರಕ್ಕೆ ಆ ಕಂಬ ಸಾಲಲಿಲ್ಲ.

"ನಿನಗೆ ನನ್ನ ಸೊಸೆಯೇ ಸಿಕ್ಕಿದ್ದಾ?" ಅಮ್ಮ ಸ್ವರ ಏರಿಸಲಿಲ್ಲ. "ಅಲ್ಲಿ ಮಗ ಟಿಕೇಟಿಗೆ ನಿಂತಿದ್ದಾನೆ. ಬೀಗಿತ್ತಿ ಮೂರು ದೇವಸ್ಥಾನಕ್ಕೆ ಹರಕೆ ಹೇಳಿ ಆಯ್ತು. ತುಂಬಿದ ಬಸುರಿಯ ಬಗ್ಗೆ ಇಂಥ ಮಾತು ಊರಿಡೀ ಹಬ್ಬಿಸಿದ್ದಿಯಲ್ಲ, ನಾಳೆ ಅವಳಿಗೆ ಏನಾದ್ರೂ ಆದ್ರೆ?"

ಅವರ ಸಿಟ್ಟು ನ್ಯಾಯವೇ. ತಪ್ಪಾಯಿತು ಎಂದೆ. ಹುಡುಗರು ಏನು ಮಾಡುವುದು ಎಂದು ತಿಳಿಯದೆ ಅಮ್ಮನ ಮುಖ ನೋಡುತ್ತಾ ನಿಂತರು. ಒಬ್ಬ ಆಗಲೇ ಗಾಡಿಯ ಕೀ ತೆಗೆದಿದ್ದ. ಆಗ ಬೆಂಚಿನ ಮೇಲಿದ್ದವಳು ಮಾತಾಡಿದಳು. ನಾವು ತುಳುವಿನಲ್ಲಿ ಆಡಿದ್ದು ಅವಳಿಗೆ ಎಷ್ಟು ತಿಳಿಯಿತೋ ಗೊತ್ತಿಲ್ಲ, ವಿಷಯ ಮಾತ್ರ ತಿಳಿದಿತ್ತು.

"ಅವ್ವಾರ, ಅಕ್ಕಾರಿಗೆ ಬೈಬ್ಯಾಡ್ರಿ. ನಮ್ಮಕ್ಕನ ಕಾಗದದಾಗ ಎಲ್ಲಾ ಖರೇನ ಬರದಿದ್ರು. ಹೆಸರು ಖರೇ, ಊರು ಖರೇ. ಅಕಿ ಉಳೀಲಿಲ್ಲ."

ಅಮ್ಮ ಅವಳ ಕಡೆ ತಿರುಗಿದರು. ಕೋರೆ ಅವರ ಜಾಗದಲ್ಲಿ ಎರಡು ವರ್ಷದಿಂದ ಇತ್ತು. ಅವಳ ಮುಖವನ್ನು ಸರಿಯಾಗಿ ನೋಡಿದ್ದು ಅಂದೇ ಎಂದು ಕಾಣುತ್ತದೆ. ಎಷ್ಟನೆಯದು ಎಂದು ಕನ್ನಡದಲ್ಲಿ ಕೇಳಿದರು. ಬೆಳಿಗ್ಗೆ ಏನು ತಿಂದದ್ದು ಎಂದು ಕೇಳಿದರು. ಚಾ ಎಂದಳು. ಚಾ ತಿನ್ನುವುದಲ್ಲ, ತಿಂದದ್ದು ಏನು ಎಂದು ಮತ್ತೆ ಕೇಳಿದರು. ಚಾ ಅಷ್ಟ ರೀ ಎಂದಳು. ಅಮ್ಮ ಕಾರಿನ ಡ್ರೈವರನಿಗೆ ಹೋಟೆಲಿನಿಂದ ಇಡ್ಲಿ ತರಲು ಹೇಳಿ, ಹುಡುಗರ ಮೇಲೆ ರೇಗಿದರು.

"ನೀವೆಂತ ಮದುವೆಗೆ ಬಂದದ್ದಾ? ನೆತ್ತೆರ್ ಕೊರ್ಲೆ."

ರಕ್ತ ಕೊಡಿ ಎಂದು. ಹುಡುಗರು ಒಳಗೆ ನುಗ್ಗಿದ ರಭಸಕ್ಕೆ ನರ್ಸು ಬಾಗಿಲು ಹಾಕಬೇಕಾಯಿತು. ಬೇಕಾದದ್ದು ಇಬ್ಬರು. ಗುಂಪು ಹೊಂದಿಕೆಯಾದವರಲ್ಲಿ ಇಬ್ಬರನ್ನು ಆರಿಸಿದ್ದಕ್ಕೆ ಉಳಿದವರಿಗೆ ಬೇಸರ. ಕೊನೆಗೆ ಎಲ್ಲರೂ ಅಮ್ಮನನ್ನು ನಡುವೆ ನಿಲ್ಲಿಸಿ ಫೋಟೋ ತೆಗೆದರು. ಯಾರಿಗಾಗಿ ಎಂದು ಬರೆಯುವುದು ಎಂದು ಒಬ್ಬ ಮೆಲ್ಲಗೆ ಕೇಳಿದ.

"ನಮ್ಮ ಮನೆಯವರಿಗೆ ಅಂತ ಬರಿ," ಎಂದರು ಅಮ್ಮ. "ಹೇಗೂ ಬರ್ದಾಗಿದೆ."

ನನ್ನ ಹತ್ತಿರ ಅವರು ಎರಡು ತಿಂಗಳು ಮಾತಾಡಲಿಲ್ಲ. ಹೇಳುವುದಿದ್ದರೆ ನಾನು ಎದುರಿಗಿರುವಾಗಲೇ ಕೆಲಸದವಳಿಗೆ ಹೇಳುತ್ತಿದ್ದರು. ಕಂಟ್ರಾಕ್ಟರನನ್ನು ಮಾತ್ರ ಕರೆಸಿ, ಅವಳು ಇನ್ನು ಕಲ್ಲು ಮುಟ್ಟಿದ್ದು ಕಂಡರೆ ಕೋರೆಗೆ ಬೀಗ ಎಂದರು. ಈ ಮಾತು ಡಾಕ್ಟರು ಎರಡು ತಿಂಗಳಿನಿಂದ ಹೇಳುತ್ತಿದ್ದರು.

ಇಬ್ಬರ ಹೆರಿಗೆಯೂ ಒಂದೇ ವಾರದಲ್ಲಿ ಆಯಿತು. ಮೂಡುಬಿದಿರೆಯ ಆಸ್ಪತ್ರೆಯಲ್ಲಿ ಸೊಸೆಗೆ ಗಂಡು, ಮಂಗಳೂರಿನಲ್ಲಿ ಇವಳಿಗೆ ಹೆಣ್ಣು. ಇಬ್ಬರಿಗೂ ಹೆರಿಗೆಯ ಮೇಲೆ ರಕ್ತ ಹೆಚ್ಚು ಹೋಯಿತು. ಇದು ನನಗೆ ತಿಳಿದದ್ದು ಇಬ್ಬರ ಕಾಗದಗಳನ್ನೂ ನೋಡಿದ್ದರಿಂದ. ಸೊಸೆಯ ಸುತ್ತ ಗಳಿಗೆಯಲ್ಲಿ ಮೂರು ಜನ ಡಾಕ್ಟರು ನಿಂತು ಅದನ್ನು ನಿಲ್ಲಿಸಿದರು. ದೊಡ್ಡ ಮನೆಯಲ್ಲಿ ಆ ಸಂಗತಿ ಮಾತಿಗೂ ಬರಲಿಲ್ಲ, ಮಗುವಿನ ಮೂಗು ಯಾರದ್ದು ಎನ್ನುವುದೇ ದೊಡ್ಡ ಚರ್ಚೆ. ಇವಳ ಡಾಕ್ಟರು ನನಗೆ, ಆ ಎರಡು ಬಾಟಲಿ ಮೊದಲೇ ಹೋಗಿರದಿದ್ದರೆ ಎಂದು ಶುರು ಮಾಡಿ, ವಾಕ್ಯ ಮುಗಿಸದೆ ಕೈ ತೊಳೆಯಲು ಹೋದರು.

ಮುಂದಿನ ಮೀಟಿಂಗಿನಲ್ಲಿ ನಾನೇ ಎದ್ದು ನಿಂತು ಸುಳ್ಳು ವಿಳಾಸದ ವಿಷಯ ಒಪ್ಪಿಕೊಂಡೆ. ಡಾಕ್ಟರು ಕೂಡಲೇ ತಿದ್ದಬೇಕು ಎಂದರು. ತಿದ್ದಿದರೆ ವಲಸೆಯವಳೆಂದು ನಮ್ಮ ಪಟ್ಟಿಯಿಂದ ಹೋಗುತ್ತಾಳೆ, ಮತ್ತೆ ಅವಳನ್ನು ನೋಡಲು ಹೋಗುವವರು ಯಾರು ಎಂದು ಸಿಸ್ಟರ್ ಕೇಳಿದರು. ಹೆರಿಗೆಯಾಗಿ ನಲವತ್ತೆರಡು ದಿನದವರೆಗೆ ತಾಯಿಗೆ ಏನೇ ಆದರೂ ಅದು ಹೆರಿಗೆಯ ಲೆಕ್ಕಕ್ಕೇ. ಅಷ್ಟು ದಿನ ಹೋಗಿ ನೋಡುತ್ತಿರಬೇಕು. ಡಾಕ್ಟರು ಕಿಟಕಿಯ ಕಡೆ ನೋಡಿ ಸ್ವಲ್ಪ ಹೊತ್ತು ಪೆನ್ನು ತಿರುಗಿಸಿದರು.

"ನೆಟ್‌ವರ್ಕ್ ಸರಿ ಇಲ್ಲ ಅಲ್ವಾ? ನಲವತ್ತಮೂರನೇ ದಿನ ತಿದ್ದುವ," ಎಂದರು.

ಆ ನಲವತ್ತೆರಡು ದಿನ ದೊಡ್ಡ ಮನೆಯಿಂದ ಶೆಡ್ಡಿಗೆ ಬಾಣಂತಿ ಕಷಾಯ ಹೋಯಿತು, ಮೆಂತೆಯ ಗಂಜಿ ಹೋಯಿತು. ಬಾಣಂತಿ ಕುಡಿದು ಮುಗಿಸುವವರೆಗೆ ಕೆಲಸದವಳು ನಿಂತು ನೋಡಿ ಖಾಲಿ ತಂಬಿಗೆ ವಾಪಸು ತರಬೇಕೆಂದು ಆಜ್ಞೆ. ಹೆರಿಗ್ಯಾಗ ಉಳಿಸಿ ಈಗ ಕಷಾಯದಾಗ ಕೊಲ್ಲಾಕ ಹತ್ಯಾರ ಎಂದು ಅವಳು ಮೂಗು ಹಿಡಿದು ಕುಡಿಯುತ್ತಿದ್ದಳು. ನಾನು ಮೂರನೆಯ ದಿನ, ಏಳನೆಯ ದಿನ, ಹೀಗೆ ಪುಸ್ತಕದಲ್ಲಿ ಇದ್ದಂತೆ ಹೋದೆ. ಪುಸ್ತಕದಲ್ಲಿ ಇಲ್ಲದ ದಿನಗಳಲ್ಲೂ ಹೋದೆ.

ನಲವತ್ತೆರಡನೆಯ ದಿನ ಹೋದಾಗ ಮಧ್ಯಾಹ್ನ. ಕೋರೆಯ ಯಂತ್ರ ನಿಂತಿತ್ತು. ಶೆಡ್ಡಿನ ಒಳಗೆ ಮಗು ಸೀರೆಯ ಜೋಲಿಯಲ್ಲಿ, ಅವಳು ಕೆಳಗೆ ಚಾಪೆಯ ಮೇಲೆ, ಬಾಯಿ ಸ್ವಲ್ಪ ತೆರೆದು, ಒಂದು ಕೈ ಹೊರಗೆ ಚೆಲ್ಲಿ ಮಲಗಿದ್ದಳು. ಕರೆದರೆ ಏಳಲಿಲ್ಲ. ನಾನು ಚಪ್ಪಲಿ ಬಿಟ್ಟು ಹತ್ತಿರ ಕುಳಿತು, ಅವಳ ಹೊಟ್ಟೆ ಮೇಲೇರುತ್ತದೋ ಇಲ್ಲವೋ ಎಂದು ಬಗ್ಗಿ ನೋಡಿದೆ. ಏರಿತು. ಇಳಿಯಿತು. ಮತ್ತೆ ಏರಿತು. ಸಾಲದೆಂದು ಇನ್ನೂ ಬಗ್ಗಿ ನೋಡುತ್ತಿರುವಾಗ ಅವಳು ಒಂದು ಕಣ್ಣು ತೆರೆದಳು.

"ಏನ್ ನೋಡಾಕ ಹತ್ತೀರಿ?"

"ಏನೂ ಇಲ್ಲ. ಮಲಗು."

"ಹೆಂಗ ಮಲಗ್ಲಿ? ಹೆಣ ನೋಡಿದಂಗ ನೋಡಿದ್ರ?"

ಇಬ್ಬರಿಗೂ ನಗು ಬಂತು; ಮಗು ಎದ್ದು ಅಳತೊಡಗಿತು. ಅವಳು ಅದನ್ನು ಜೋಲಿಯಿಂದ ಎತ್ತಿ ನನ್ನ ಮಡಿಲಿಗೆ ಹಾಕಿ, ರಾತ್ರಿಯಿಡೀ ನಿದ್ದೆಗೆಡಿಸಿದೆ, ಎರಡು ತಾಸು ನೀವೇ ನೋಡಿಕೊಳ್ಳಿ ಎಂದು ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ನನಗೆ ಆ ದಿನ ಇನ್ನೂ ಮೂರು ಮನೆ ಬಾಕಿ ಇತ್ತು. ನಾಳೆ ಹೋದರಾಯಿತು ಎಂದುಕೊಂಡು ಕಾಲು ನೀಡಿ ಕುಳಿತೆ. ಸ್ವಲ್ಪ ಹೊತ್ತಿನಲ್ಲೇ ಅವಳು ಗೊರಕೆ ಹೊಡೆಯತೊಡಗಿದಳು.